ಆಟದೊಳಗೆ ನಮ್ಮೂರಿನವನು ಯಾರು?

ಹಾಸ್ಟೆಲ್‌ಗೆ ಸೇರಿದ ಮೊದಲ ದಿನ ‘ನಂದು ಕೆಜಿಎಫ್, ರಾಬರ್ಟ್‌ಸನ್‌ಪೇಟೆ’ ಅಂದೆ. ಮಂಚದ ಮೇಲೆ ಮಲಗಿದ್ದ ರೂಂಮೇಟ್ ದಡಕ್ಕನೆ ಎದ್ದು ‘ಏನ್ ರಾಕಿ ಭಾಯ್, ಗಡ್ಡ ಎಲ್ಲಿ?’ ಎಂದ. 2018ರಲ್ಲಿ ಸಿನಿಮಾ ಬಂದ ಮೇಲೆ ನಮ್ಮೂರಿನ ಪ್ರತಿಯೊಬ್ಬರಿಗೂ ಈ ಪ್ರಶ್ನೆ ಎದುರಾಗಿದೆ. ನನಗೆ ಬೇಸರವೇನಿಲ್ಲ, ಸಿನಿಮಾವನ್ನು ನಾನೂ ಎರಡು ಸಲ ನೋಡಿದ್ದೇನೆ. ಆದರೆ ಒಂದು ಊರಿಗೆ ಒಂದೇ ಮುಖ ಅಂಟಿಕೊಂಡರೆ ಏನಾಗುತ್ತದೆ ಎಂದು ನಾನು ಯೋಚಿಸತೊಡಗಿದ್ದು ಫೈಟಿಂಗ್ ಗೇಮ್‌ಗಳಿಂದ.

ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಒಂದು ಗೇಮ್ ಅಂಗಡಿ ಇತ್ತು. ಗಂಟೆಗೆ ಹತ್ತು ರೂಪಾಯಿ. ಅಲ್ಲಿ ಎಲ್ಲರೂ ಆಡುತ್ತಿದ್ದದ್ದು ‘ಟೆಕ್ಕನ್ 3’. ನಾವು ಹುಟ್ಟುವ ಮೊದಲೇ, 1997ರಲ್ಲಿ ಬಂದ ಆಟ ಅದು. ಟೆಕ್ಕನ್ ಎಂದರೆ ಜಪಾನಿ ಭಾಷೆಯಲ್ಲಿ ಕಬ್ಬಿಣದ ಮುಷ್ಟಿ. ಕೊರಿಯಾದ ಹ್ವಾರಾಂಗ್‌ನ ಟೇಕ್ವಾಂಡೋ, ಜಾಗ್ವಾರ್ ಮುಖವಾಡದ ಕುಸ್ತಿಪಟು ಕಿಂಗ್, ಬ್ರೂಸ್ ಲೀಯನ್ನು ನೆನಪಿಸುವ ಲಾ, ಎಲ್ಲರೂ ನಮಗೆ ಪಕ್ಕದ ಮನೆಯವರಂತೆ ಪರಿಚಿತರು. ಆದರೆ ಜಗಳ ನಡೆಯುತ್ತಿದ್ದದ್ದು ಎಡ್ಡಿಗಾಗಿ. ಬ್ರೆಜಿಲ್‌ನ ಎಡ್ಡಿ ಗೋರ್ಡೊ ಕೈ ನೆಲಕ್ಕೂರಿ ಕಾಲು ಬೀಸುತ್ತಿದ್ದ. ಯಾವ ಬಟನ್ ಒತ್ತಿದರೂ ಏನೋ ಒಂದು ಏಟು ಬೀಳುತ್ತಿತ್ತು. ಅದಕ್ಕೇ ‘ಎಡ್ಡಿ ತಗೋಬಾರ್ದು’ ಎಂಬುದು ನಮ್ಮ ಅಂಗಡಿಯ ಕಾನೂನು.

ಎಡ್ಡಿಯ ಕುಣಿತಕ್ಕೆ ಕಪೊಯೆರಾ ಎಂಬ ಹೆಸರಿದೆ ಎಂದು ತಿಳಿದದ್ದು ಬಹಳ ತಡವಾಗಿ. ಆಫ್ರಿಕಾದಿಂದ ಬ್ರೆಜಿಲ್‌ಗೆ ಗುಲಾಮರಾಗಿ ಹೋದವರು ಕಟ್ಟಿದ ಹೋರಾಟದ ಕಲೆ ಅದು. ನೃತ್ಯ, ಸಂಗೀತ, ಹೊಡೆತ ಮೂರೂ ಅದರಲ್ಲಿವೆ. ಎಡ್ಡಿಯ ಚಲನೆಗಳಿಗಾಗಿ ಕಪೊಯೆರಾ ಗುರು ಮಾರ್ಸೆಲೊ ಪೆರೇರಾ ಅವರ ದೇಹದ ಚಲನೆಯನ್ನೇ ದಾಖಲಿಸಿಕೊಂಡಿದ್ದರು.

ಇದಕ್ಕೂ ಆರು ವರ್ಷ ಹಿಂದೆ, 1991ರಲ್ಲಿ, ‘ಸ್ಟ್ರೀಟ್ ಫೈಟರ್ 2’ ಬಂದಿತ್ತು. ಅದರಲ್ಲಿ ಆಯ್ದುಕೊಳ್ಳಲು ಎಂಟು ಮಂದಿ, ಅವರಲ್ಲಿ ಚುನ್ ಲೀ ಒಬ್ಬಳೇ ಹೆಣ್ಣು. ಆ ಆಟದಲ್ಲಿ ಬ್ರೆಜಿಲ್‌ನ ಪ್ರತಿನಿಧಿ ಯಾರು ಗೊತ್ತೇ? ಮೈಯಿಂದ ಕರೆಂಟ್ ಹರಿಸುವ, ಹಸಿರು ಬಣ್ಣದ ಕಾಡುಮನುಷ್ಯ ಬ್ಲಾಂಕಾ! ಅದೇ ದೇಶಕ್ಕೆ ಮೊದಲು ಸಿಕ್ಕಿದ್ದು ಒಂದು ಮೃಗ, ಆಮೇಲೆ ಸಿಕ್ಕಿದ್ದು ನಿಜವಾದ ಗುರುವಿನಿಂದ ಕಲಿತ ಒಂದು ಕಲೆ.

ಭಾರತದ ಪಾಲಿಗೆ ಬಂದವನು ದಾಲ್ಸಿಮ್. ಬೋಳು ತಲೆ, ಕೊರಳಲ್ಲಿ ತಲೆಬುರುಡೆ ಸರ, ರಬ್ಬರಿನಂತೆ ಉದ್ದವಾಗುವ ಕೈಕಾಲು, ಬಾಯಿಯಿಂದ ಬೆಂಕಿ. ಅವನ ಅಖಾಡದಲ್ಲಿ ಸಾಲಾಗಿ ಆನೆಗಳು. ಮೊದಲ ಸಲ ನೋಡಿದಾಗ ನಕ್ಕಿದ್ದೆ, ಆಮೇಲೆ ಸಿಟ್ಟು ಬಂತು. ನಮ್ಮಲ್ಲಿ ಗರಡಿ ಮನೆಗಳಿಲ್ಲವೇ? ಮೈಸೂರು ಅರಮನೆ ಆವರಣದಲ್ಲಿ ಪ್ರತಿ ವಿಜಯದಶಮಿಗೆ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನಚಾದ ಆಯುಧ ತೊಟ್ಟು ಎದುರುಬದುರಾಗುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಜಂಬೂಸವಾರಿಗೆ ಮುನ್ನ ನಡೆಯುವ ಈ ಕಾಳಗಕ್ಕೆ ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿಗಳು ಬರುತ್ತಾರೆ. ಕಬ್ಬಿಣದ ಮುಷ್ಟಿಯ ಆಟ ಜಗತ್ತಿಗೆಲ್ಲ ಗೊತ್ತು, ವಜ್ರದ ಮುಷ್ಟಿ ನಮ್ಮ ರಾಜ್ಯದಲ್ಲೇ ಎಷ್ಟು ಜನಕ್ಕೆ ಗೊತ್ತು?

ಆದರೂ ದಾಲ್ಸಿಮ್‌ನ ಕಥೆ ಓದಿದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. ಅವನಿಗೆ ಹೊಡೆದಾಟ ಇಷ್ಟವಿಲ್ಲ. ಬಡ ಊರಿಗೆ ಹಣ ಹೊಂದಿಸಲು ಅಖಾಡಕ್ಕೆ ಇಳಿದವನು. ಟೆಕ್ಕನ್‌ನ ಮೊದಲ ಕಿಂಗ್ ಕೂಡ ಅನಾಥಾಶ್ರಮ ನಡೆಸಲು ಕುಸ್ತಿ ಆಡಿದ. ಅವನು ಸತ್ತ ಮೇಲೆ ಅಲ್ಲೇ ಬೆಳೆದ ಹುಡುಗ ಅದೇ ಮುಖವಾಡ ತೊಟ್ಟ. ‘ಟೆಕ್ಕನ್ 3’ರಲ್ಲಿ ನಾವು ಆಡಿಸುತ್ತಿದ್ದದ್ದು ಆ ಹುಡುಗನನ್ನು. ನೋಡಿದರೆ ಇವರಲ್ಲಿ ಹಲವರು ನಮ್ಮ ಹಾಗೇ ದುಡಿಮೆಗೆ ಹೊರಟವರು. ಬೆಳಿಗ್ಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ನಿಂತವರನ್ನು ನೋಡಿದಾಗ ನನಗೆ ಇದು ನೆನಪಾಗುತ್ತದೆ.

ಈ ವರ್ಷ ಮಿನಿ ಪ್ರಾಜೆಕ್ಟ್‌ಗೆ ನಾವು ಮೂವರು ಸೇರಿ ಸಣ್ಣದೊಂದು ಫೈಟಿಂಗ್ ಗೇಮ್ ಮಾಡಲು ಹೊರಟೆವು. ಪಾತ್ರ ಕಟ್ಟುವುದೆಂದರೆ ಚಿತ್ರ ಬಿಡಿಸುವುದಷ್ಟೇ ಅಲ್ಲ, ಲೆಕ್ಕವೂ ಹೌದು. ಇಂಥ ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಹೊಡೆತ ಶುರುವಾಗಲು ಇಷ್ಟು ಫ್ರೇಮ್, ತಾಗಲು ಇಷ್ಟು, ಕೈ ಹಿಂದಕ್ಕೆ ಬರಲು ಇಷ್ಟು. 10 ಫ್ರೇಮಿನ ಗುದ್ದು ಎಂದರೆ ಸೆಕೆಂಡಿನ ಆರನೇ ಒಂದು ಭಾಗ. ಬಲವಾದ ಏಟಿಗೆ ಹೆಚ್ಚು ಫ್ರೇಮ್ ಕೊಡಬೇಕು, ಇಲ್ಲದಿದ್ದರೆ ಅವನನ್ನು ಸೋಲಿಸಲು ಆಗುವುದಿಲ್ಲ. ದಾಲ್ಸಿಮ್ ದೂರದಿಂದಲೇ ಹೊಡೆಯಬಲ್ಲ, ಆದರೆ ಚಾಚಿದ ಕೈಗೂ ಏಟು ಬೀಳುತ್ತದೆ. ಪ್ರತಿ ಶಕ್ತಿಯ ಜೊತೆಗೂ ಒಂದು ದೌರ್ಬಲ್ಯ ಇಟ್ಟಾಗಲೇ ಪಾತ್ರ ನಿಲ್ಲುತ್ತದೆ.

ನನ್ನ ಪಾಲಿಗೆ ಬಂದದ್ದು ಕೆಜಿಎಫ್ ಪಾತ್ರ. ಒಂದೇ ರಾತ್ರಿಯಲ್ಲಿ ಮುಗಿಸಿದೆ. ಉದ್ದ ಕೂದಲು, ಗಡ್ಡ, ಕೈಯಲ್ಲಿ ಭಾರಿ ಸುತ್ತಿಗೆ. ಗೆಳೆಯರಿಗೆ ಖುಷಿಯೋ ಖುಷಿ. ಊರಿಗೆ ಹೋದಾಗ ತಾತನಿಗೆ ಫೋನಿನಲ್ಲಿ ತೋರಿಸಿದೆ. ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರಲ್ಲಿ ಒಬ್ಬರು. ಕನ್ನಡಕ ಏರಿಸಿ ನೋಡಿ ತಮಿಳಿನಲ್ಲಿ ಕೇಳಿದರು: ‘ಇವನು ಯಾವ ಶಾಫ್ಟ್‌ನಲ್ಲಿ ಕೆಲಸ ಮಾಡ್ತಿದ್ದ?’

ನನ್ನಲ್ಲಿ ಉತ್ತರವಿರಲಿಲ್ಲ.

‘ಇಷ್ಟು ಕೂದಲು ಬಿಟ್ಟರೆ ಹೆಲ್ಮೆಟ್ ಹೇಗೆ ಕೂರುತ್ತೆ? ತಲೆಯ ಮೇಲೆ ಲೈಟ್ ಎಲ್ಲಿ?’ ಎಂದರು. ಆಮೇಲೆ ನಿಧಾನವಾಗಿ ಹೇಳತೊಡಗಿದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ. ಕೆಳಗೆ ಮುಟ್ಟಿದರೆ ಬಂಡೆಯೇ ಬಿಸಿ. ಕೆಲವೊಮ್ಮೆ ಒತ್ತಡ ತಾಳದೆ ಬಂಡೆ ಸಿಡಿಯುತ್ತಿತ್ತು, ಅದನ್ನು ರಾಕ್ ಬರ್ಸ್ಟ್ ಎನ್ನುತ್ತಾರೆ. ‘ಅಲ್ಲಿ ಜೋರಾಗಿ ಹೊಡೆಯೋನು ದೊಡ್ಡವನಲ್ಲ ಕಣೋ. ಬಂಡೆಯ ಸದ್ದು ಕೇಳಿಸಿಕೊಳ್ಳೋನು ಮನೆಗೆ ಬರ್ತಿದ್ದ.’ ಇದನ್ನು ಹೇಳುವಾಗ ಎಡಗಿವಿಯನ್ನು ನನ್ನ ಕಡೆ ತಿರುಗಿಸಿ ಕೂತಿದ್ದರು. ಬಲಗಿವಿ ಅವರಿಗೆ ಕೇಳಿಸುವುದಿಲ್ಲ.

ಹುಡುಗರಾಗಿದ್ದಾಗ ಲೈನ್ ಮನೆಗಳ ಹಿರಿಯರೊಬ್ಬರು ಕಲಿಸಿದ ಸಿಲಂಬದ ಒಂದೆರಡು ವರಸೆಯನ್ನು ಊರುಗೋಲಿನಲ್ಲೇ ತೋರಿಸಿದರು. ನಾಲ್ಕು ಸುತ್ತಿಗೆ ಉಸಿರು ಸಿಕ್ಕಿಕೊಂಡಿತು. ಅದನ್ನು ನಾನು ಫೋನಿನಲ್ಲಿ ಚಿತ್ರೀಕರಿಸಿಕೊಂಡೆ. ಎಡ್ಡಿಗೆ ಮಾರ್ಸೆಲೊ ಪೆರೇರಾ ಇದ್ದ ಹಾಗೆ ನನಗೆ ನನ್ನ ತಾತ.

ಮಾರನೇ ದಿನ ಸುತ್ತಿಗೆಯವನನ್ನು ಅಳಿಸಿದೆ. ಹೊಸ ಪಾತ್ರಕ್ಕೆ ಹೆಲ್ಮೆಟ್, ಅದರ ಮೇಲೆ ದೀಪ, ಕೈಯಲ್ಲಿ ಕೋಲು. ಅವನು ಓಡುವುದಿಲ್ಲ, ಅವನ ಗುದ್ದಿಗೂ ಅಂಥ ಬಲವಿಲ್ಲ. ಆದರೆ ಎದುರಾಳಿಯ ಏಟು ಬರುವ ಆರು ಫ್ರೇಮ್ ಮೊದಲು ಸಣ್ಣದೊಂದು ಚಟ್ ಸದ್ದು ಬರುತ್ತದೆ. ಆಡುವವರು ಅದನ್ನು ಕೇಳಿ ಸರಿಯಾಗಿ ಬಟನ್ ಒತ್ತಿದರೆ ಆ ಏಟು ಹೊಡೆದವನಿಗೇ ತಿರುಗಿ ಬೀಳುತ್ತದೆ. ಹಿನ್ನೆಲೆಯಲ್ಲಿ ನಮ್ಮೂರಿನ ಸೈನೈಡ್ ದಿಬ್ಬಗಳು.

ಗೆಳೆಯರು ಒಪ್ಪಲು ಒಂದು ವಾರ ಹಿಡಿಯಿತು. ‘ಇವನನ್ನ ಯಾರು ಸೆಲೆಕ್ಟ್ ಮಾಡ್ತಾರೆ?’ ಎಂಬುದು ಅವರ ವಾದ. ಅದು ಸುಳ್ಳಲ್ಲ, ಡೆಮೊ ದಿನ ಹೆಚ್ಚಿನವರು ಬೇರೆ ಪಾತ್ರಗಳನ್ನೇ ಆರಿಸಿದರು. ಆದರೂ ನಾನು ಬದಲಾಯಿಸಲಿಲ್ಲ. 2019ರವರೆಗೆ ಟೆಕ್ಕನ್ ಎಂದರೆ ಜಪಾನ್, ಕೊರಿಯಾ ಎನ್ನುತ್ತಿದ್ದರು. ಆ ವರ್ಷ ಲಾಹೋರ್‌ನ ಅರ್ಸಲಾನ್ ಆಶ್ ಜಪಾನಿನಲ್ಲೂ ಅಮೆರಿಕದಲ್ಲೂ ಇವೊ ಪಂದ್ಯಾವಳಿ ಗೆದ್ದರು. ಪಟ್ಟಿಯಲ್ಲಿ ಇಲ್ಲದ ಊರುಗಳಲ್ಲೂ ಆಡುವವರು ಇರುತ್ತಾರೆ, ಅವರ ಕಥೆಯನ್ನು ಹೊರಗಿನವರು ಬರೆಯಲಿ ಎಂದು ಕಾಯಬೇಕಿಲ್ಲ.

ಡೆಮೊ ಮುಗಿದ ಮೇಲೆ, ನನ್ನ ಗಡ್ಡ ಕೇಳಿದ್ದ ಅದೇ ರೂಂಮೇಟ್ ಹೆಲ್ಮೆಟ್‌ನವನನ್ನು ಆರಿಸಿಕೊಂಡ. ಮೂರು ಸಲ ಸೋತ. ನಾಲ್ಕನೇ ಸಲ ಇಯರ್‌ಫೋನ್ ಹಾಕಿಕೊಂಡು, ಆ ಚಟ್ ಸದ್ದಿಗೆ ಕಾದು ಗೆದ್ದ. ಆಮೇಲೆ ಪರದೆಯ ಮೇಲೆ ಬೆರಳಿಟ್ಟು ‘ಹಿಂದೆ ಇರೋ ಈ ಬೂದು ಬೆಟ್ಟ ಏನೋ?’ ಎಂದು ಕೇಳಿದ.

ಅವನಿಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಮೆಸ್ ಬಾಗಿಲು ಮುಚ್ಚಿತ್ತು.