ಉಂಡದ್ದಕ್ಕೆ ತಕ್ಕ ಅಮೀಬಾ



ಹೋದ ಸಲ ರಜೆಗೆ ಊರಿಗೆ ಹೋದಾಗ ನಮ್ಮ ಮನೆಯ ಹುಡುಗ ಆಮಶಂಕೆಯಿಂದ ಐದು ದಿನ ಮಲಗಿಬಿಟ್ಟ. ಮಲ ಪರೀಕ್ಷೆಯಲ್ಲಿ ಅಮೀಬಾ ಇದೆ ಎಂದರು. ಅದೇ ಬಾವಿಯ ನೀರು ಕುಡಿದ ನಮಗೆ ಮಾತ್ರ ಏನೂ ಆಗಲಿಲ್ಲ. ಯಾಕೆ ಹೀಗೆ ಎಂದು ಓದತೊಡಗಿದರೆ, ಕಂಪ್ಯೂಟರ್ ಕೆಲಸದವರಾದ ನಮಗೆ ಬಹಳ ಪರಿಚಿತವಾದ ಕಥೆಯೊಂದು ಸಿಕ್ಕಿತು.

ಈ ಅಮೀಬಾದ ಹೆಸರು ಎಂಟಮೀಬಾ ಹಿಸ್ಟೊಲಿಟಿಕಾ. 1875ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವೈದ್ಯ ಲ್ಯೋಶ್ ಇದನ್ನು ರೋಗಿಯೊಬ್ಬನ ಮಲದಲ್ಲಿ ಕಂಡು ವರ್ಣಿಸಿದರು. ಸೋಂಕು ತಗುಲಿದ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ಏನೂ ತೊಂದರೆ ಕಾಣುವುದಿಲ್ಲ. ಉಳಿದವರ ಕರುಳಿನ ಗೋಡೆಯನ್ನು ಅದು ಕೊರೆಯುತ್ತದೆ. ಕೆಲವೊಮ್ಮೆ ಯಕೃತ್ತಿಗೂ ಹೋಗಿ ಕೀವುಗಟ್ಟಿಸುತ್ತದೆ.

ಕರುಳಿನಲ್ಲಿ ಇದರ ಊಟ ಬ್ಯಾಕ್ಟೀರಿಯಾ. ಬೇರೆ ಯಾವ ಜೀವಿಯೂ ಇಲ್ಲದೆ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿಧಾನವನ್ನು ಅಮೆರಿಕದ ಲೂಯಿಸ್ ಡೈಮಂಡ್ 1961ರಲ್ಲಿ ಪ್ರಕಟಿಸಿದರು. 1978ರಲ್ಲಿ ಅವರ ತಂಡ ಕೊಟ್ಟ ಪಾಕದಲ್ಲಿ ಪ್ರೋಟೀನಿನ ಸಾರ, ಯೀಸ್ಟ್ ಸಾರ, ಗ್ಲೂಕೋಸ್, ಕಬ್ಬಿಣದ ಲವಣ, ದನದ ರಕ್ತದ ಸೀರಮ್ ಎಲ್ಲ ಇವೆ. ಹಬ್ಬದೂಟವೇ ಸರಿ!

ಸ್ವಾರಸ್ಯ ಇರುವುದು ಇಲ್ಲಿ. ವರ್ಷಗಟ್ಟಲೆ ಹೀಗೆ ಸಾಕಿದ ಅಮೀಬಾ ಚೆನ್ನಾಗಿ ಬೆಳೆಯುತ್ತದೆ, ಆದರೆ ಸಾಧುವಾಗುತ್ತದೆ. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಯಕೃತ್ತಿಗೆ ಚುಚ್ಚಿದರೂ ಮೊದಲಿನಂತೆ ಕೀವು ಕಟ್ಟುವುದಿಲ್ಲ. ಅದೇ ಅಮೀಬಾವನ್ನು ಒಂದರ ನಂತರ ಒಂದು ಹ್ಯಾಮ್‌ಸ್ಟರಿನ ಯಕೃತ್ತಿನಲ್ಲಿ ಬೆಳೆಸಿದರೆ ಹಳೆಯ ಕ್ರೌರ್ಯ ಮರಳುತ್ತದೆ. ಜೀವಂತ ಬ್ಯಾಕ್ಟೀರಿಯಾದ ಜೊತೆ ಇಟ್ಟಾಗಲೂ, ಪಾಕಕ್ಕೆ ಕೊಲೆಸ್ಟರಾಲ್ ಸೇರಿಸಿದಾಗಲೂ ಹೀಗಾದದ್ದುಂಟು. ಕೊಲೆಸ್ಟರಾಲನ್ನು ಅಮೀಬಾ ತಾನೇ ತಯಾರಿಸಿಕೊಳ್ಳಲಾರದು, ಹೊರಗಿನಿಂದಲೇ ಪಡೆಯಬೇಕು.

ನಮ್ಮ ಕಚೇರಿಯಲ್ಲೂ ಇದೇ ಗೋಳು. ನಮ್ಮ ಮಶೀನಿನಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಮು ಗ್ರಾಹಕರ ಬಳಿ ಬೇರೆಯೇ ಅವತಾರ ತಾಳುತ್ತದೆ. ಆದ್ದರಿಂದ ಗಾಜಿನ ಕೊಳವೆಯ ಅಮೀಬಾವನ್ನು ನೋಡಿ ಹೊಟ್ಟೆಯೊಳಗಿನದನ್ನು ಅಳೆಯುವ ಮುನ್ನ, ಅದಕ್ಕೆ ಏನು ಉಣಿಸಿದ್ದರು, ಎಷ್ಟು ಕಾಲ ಉಣಿಸಿದ್ದರು ಎಂದು ಕೇಳಲೇಬೇಕು.

ನಮ್ಮ ಹುಡುಗನ ಹೊಟ್ಟೆಯಲ್ಲಿ ನಡೆದದ್ದು ಇಷ್ಟೇ ಎನ್ನಲಾಗದು. ಅವರವರ ದೇಹಶಕ್ತಿಯೂ ಲೆಕ್ಕಕ್ಕೆ ಬರುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮಗೆ ಗೊತ್ತಿತ್ತು. ರೋಗಾಣುವಿನ ಊಟವನ್ನೂ ಬಲ್ಲವರಾಗಬೇಕು ಎಂಬುದು ಈಗ ತಿಳಿಯಿತು. ಅಲ್ಲಿಯವರೆಗೆ, ಊರಿಗೆ ಹೋದಾಗ ನೀರು ಕುದಿಸಿಯೇ ಕುಡಿಯೋಣ.