ಥಿಯೇಟರಿನಿಂದ ಹೊರಟ ರಟ್ಟೆಪಟ್ಟಿ

ಖಾನಾಪುರ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ಗರ್ಭಿಣಿಯ ರಟ್ಟೆಗೆ ಬಿ.ಪಿ. ಪಟ್ಟಿ ಸುತ್ತಿ ಗಾಳಿ ತುಂಬುವ ನರ್ಸಮ್ಮನಿಗೆ, ‘ಈ ಪಟ್ಟಿಯನ್ನು ಬಳಕೆಗೆ ತಂದವರಲ್ಲಿ ಮಿದುಳಿನ ಸರ್ಜನ್ ಒಬ್ಬರಿದ್ದರು’ ಎಂದು ಹೇಳಿದರೆ ಅವರು ನಂಬುವುದು ಕಷ್ಟ. ಆದರೆ ನಡೆದದ್ದು ಹಾಗೆಯೇ.

ಅವರ ಹೆಸರು ಹಾರ್ವಿ ಕುಶಿಂಗ್. 1890ರ ದಶಕದಲ್ಲಿ ಹಾರ್ವರ್ಡ್‌ನ ವೈದ್ಯಕೀಯ ವಿದ್ಯಾರ್ಥಿ. ಆಗೆಲ್ಲ ಈಥರ್ ಕೊಟ್ಟು ರೋಗಿಯ ಎಚ್ಚರ ತಪ್ಪಿಸುವುದು ಕಲಿಯುವ ಹುಡುಗರ ಪಾಲಿನ ಕೆಲಸ. ಕುಶಿಂಗ್ ಈಥರ್ ಕೊಡುತ್ತಿದ್ದಾಗಲೇ ರೋಗಿಯೊಬ್ಬ ಸತ್ತ. ವೈದ್ಯಕೀಯವೇ ಬೇಡ ಎನ್ನುವಷ್ಟು ನೊಂದರೂ ಹುಡುಗ ಓದನ್ನು ಬಿಡಲಿಲ್ಲ. 1894ರಲ್ಲಿ ಗೆಳೆಯ ಅರ್ನೆಸ್ಟ್ ಕಾಡ್ಮನ್ ಜತೆ ಸೇರಿ, ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರೋಗಿಯ ನಾಡಿ, ಉಸಿರುಗಳನ್ನು ಹೊತ್ತುಹೊತ್ತಿಗೆ ಹಾಳೆಯೊಂದರಲ್ಲಿ ಗುರುತು ಹಾಕತೊಡಗಿದರು. 1901ರಲ್ಲಿ ಇಟಲಿಯ ಪಾವಿಯಾಕ್ಕೆ ಹೋದಾಗ, ರಿವಾ-ರೊಚ್ಚಿ ಎಂಬ ವೈದ್ಯರು ರೂಪಿಸಿದ್ದ ರಟ್ಟೆಪಟ್ಟಿ ಕಣ್ಣಿಗೆ ಬಿತ್ತು. ಅದನ್ನು ಅಮೆರಿಕಕ್ಕೆ ಹೊತ್ತು ತಂದರು. ಹಾಳೆಯಲ್ಲಿ ರಕ್ತದೊತ್ತಡದ ಗೆರೆಯೂ ಸೇರಿತು. ಬೆಳಗಾವಿಯ ಓಟಿಗಳಲ್ಲಿ ಅರಿವಳಿಕೆ ವೈದ್ಯರು ಇಂದು ತುಂಬುವ ಚಾರ್ಟು ಅದೇ ಹಾಳೆಯ ವಂಶದ್ದು.

ಕುಶಿಂಗ್ ಮುಂದೆ ಮಿದುಳಿನ ಶಸ್ತ್ರಚಿಕಿತ್ಸೆಯ ಪಿತಾಮಹರಾದರು. ನಾಡಿ, ಉಸಿರು, ಬಿ.ಪಿ.ಗಳ ಈ ಕಾವಲು ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದದ್ದೂ ಅಲ್ಲಿಯೇ. ಹೊಟ್ಟೆ ಊದಿಕೊಂಡೀತು, ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಶೇ 80ರಷ್ಟು ಮಿದುಳು. ಉಳಿದ ಜಾಗವನ್ನು ರಕ್ತವೂ ಮಿದುಳುಬಳ್ಳಿಯ ದ್ರವವೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡಿವೆ. ಗಡ್ಡೆಯೋ ಹೆಪ್ಪುಗಟ್ಟಿದ ರಕ್ತವೋ ನಡುವೆ ಬಂದು ಕೂತರೆ ಮತ್ತೊಂದು ಜಾಗ ಬಿಡಬೇಕು. ಬಿಡದಿದ್ದರೆ ಒಳಗಿನ ಒತ್ತಡ ಏರುತ್ತದೆ, ಮಿದುಳಿಗೆ ರಕ್ತ ನುಗ್ಗುವುದು ಕಷ್ಟವಾಗುತ್ತದೆ. ಆಗ ದೇಹ ಬಿ.ಪಿ. ಏರಿಸಿ ನೋಡುತ್ತದೆ, ನಾಡಿ ನಿಧಾನವಾಗುತ್ತದೆ. ಈ ಜೋಡಿ ಲಕ್ಷಣಕ್ಕೆ ಇಂದಿಗೂ ಕುಶಿಂಗ್ ಹೆಸರೇ.

ಅರಿವಳಿಕೆ ತಜ್ಞರ ಕೈಚಳಕ ಇರುವುದು ಈ ಇಕ್ಕಟ್ಟಿನಲ್ಲಿ. ರೋಗಿಯ ಉಸಿರಾಟ ಅವರ ಯಂತ್ರದ ಹಿಡಿತದಲ್ಲಿರುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕೊಂಚ ಹೆಚ್ಚಿದರೂ ಮಿದುಳಿನ ನಾಳಗಳು ಹಿಗ್ಗಿ, ಸರ್ಜನ್ನರ ಕಣ್ಣೆದುರೇ ಮಿದುಳು ಉಬ್ಬುತ್ತದೆ. ತೀರಾ ತಗ್ಗಿಸಿದರೆ ನಾಳ ಕುಗ್ಗಿ ಮಿದುಳೇ ಉಪವಾಸ ಬೀಳುತ್ತದೆ. ಮ್ಯಾನಿಟಾಲ್ ಡ್ರಿಪ್ ಹಾಕಿ ನೀರು ಹೀರಿಸುವುದು, ತಲೆಯ ಭಾಗವನ್ನು ತುಸು ಎತ್ತರಿಸಿ ರಕ್ತ ಸಲೀಸಾಗಿ ಇಳಿಯುವಂತೆ ಮಾಡುವುದು, ಬಿ.ಪಿ. ಬೀಳದಂತೆ ನೋಡಿಕೊಳ್ಳುವುದು, ಕೆಲಸ ಮುಗಿದ ಕೂಡಲೇ ರೋಗಿ ಕಣ್ಣು ಬಿಟ್ಟು ಹೇಳಿದಂತೆ ಕೈ ಎತ್ತುವ ಹಾಗೆ ಔಷಧಿಯ ಲೆಕ್ಕ ಹಿಡಿಯುವುದು, ಎಲ್ಲವೂ ಅವರದೇ. ಕೆಲವೊಮ್ಮೆ ರೋಗಿ ಎಚ್ಚರವಾಗಿಯೇ ಇರಬೇಕು. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬೆರಳು ಸೆಟೆದುಕೊಳ್ಳುವ ತೊಂದರೆಯಿದ್ದ ವಾದಕರೊಬ್ಬರು ಮಿದುಳಿನ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಂತೆಯೇ ಗಿಟಾರ್ ನುಡಿಸಿದ ಸುದ್ದಿ ಓದುಗರಿಗೆ ನೆನಪಿರಬಹುದು. ಸುದ್ದಿಯಲ್ಲಿ ಸರ್ಜನ್ ಇದ್ದರು, ಗಿಟಾರ್ ಇತ್ತು. ಅರಿವಳಿಕೆಯವರ ಹೆಸರು ಇಂಥ ಸುದ್ದಿಗಳಲ್ಲಿ ಬರುವುದು ಅಪರೂಪ.

ಬೆಳಗಾವಿ ಸೀಮೆಯವರಿಗೆ ಒಂದು ಕಾಲಕ್ಕೆ ದೊಡ್ಡ ದವಾಖಾನೆ ಎಂದರೆ ಮಿರಜ. 1894ರಲ್ಲಿ ವಿಲಿಯಂ ವಾನ್ಲೆಸ್ ಕಟ್ಟಿದ ಮಿಷನ್ ಆಸ್ಪತ್ರೆ ಅಲ್ಲಿತ್ತು. ಖಾನಾಪುರದಲ್ಲಿ ರೈಲು ಹತ್ತಿದರೆ ಅದೇ ಹಳಿ ಮಿರಜಕ್ಕೆ ಒಯ್ಯುತ್ತಿತ್ತು. 1963ರಲ್ಲಿ ಕೆ.ಎಲ್.ಇ. ಸಂಸ್ಥೆ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು (ಜೆ.ಎನ್.ಎಂ.ಸಿ.) ತೆರೆಯಿತು. ಅತ್ತ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಆರ್.ಎಂ. ವರ್ಮಾ ಅವರಂಥವರ ಕಾಲದಲ್ಲಿ ನರಶಸ್ತ್ರಚಿಕಿತ್ಸೆ ಬೇರು ಬಿಟ್ಟಿತು. ಅದರ ಬೆನ್ನಿಗೇ ನರಅರಿವಳಿಕೆ ಬೇರೆಯದೇ ವಿಭಾಗವಾಗಿ ಬೆಳೆಯಿತು. ದೇಶದ ನರಅರಿವಳಿಕೆ ತಜ್ಞರು ತಮ್ಮದೇ ಸಂಘ ಕಟ್ಟಿಕೊಂಡದ್ದು 1999ರಲ್ಲಿ. ಇಂದು ಬೆಳಗಾವಿಯಲ್ಲೇ ಪ್ರಭಾಕರ ಕೋರೆ ಆಸ್ಪತ್ರೆ ಇದೆ, ಸರ್ಕಾರಿ ಬಿಮ್ಸ್ ಇದೆ. ತಲೆಗೆ ಪೆಟ್ಟು ಬಿದ್ದವರನ್ನು ಮಿರಜದ ರೈಲಿಗೆ ಹತ್ತಿಸಬೇಕಾಗಿಲ್ಲ.

ಕಾವಲಿನ ಇನ್ನೊಂದು ಸಾಧನ ತೀರಾ ಈಚಿನದು. ಬೆರಳಿಗೆ ಚಿಮಟಿಯಂತೆ ಕಚ್ಚುವ ಪಲ್ಸ್ ಆಕ್ಸಿಮೀಟರಿನ ತತ್ವವನ್ನು 1970ರ ದಶಕದ ಆರಂಭದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ. 1980ರ ದಶಕದಲ್ಲಿ ಅದು ಶ್ರೀಮಂತ ದೇಶಗಳ ಓಟಿಗಳಿಗೆ ನುಗ್ಗಿತು. ಉಳಿದವರ ಗತಿ? 2010ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ಸುಮಾರು 77,700 ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಈ ಪುಟ್ಟ ಚಿಮಟಿ ಇರಲಿಲ್ಲ. ಮರುವರ್ಷ ಅರಿವಳಿಕೆ ತಜ್ಞರ ಜಾಗತಿಕ ಒಕ್ಕೂಟವೂ ಸರ್ಜನ್ ಅತುಲ್ ಗಾವಂಡೆ ಅವರೂ ಸೇರಿ ‘ಲೈಫ್‌ಬಾಕ್ಸ್’ ಹುಟ್ಟುಹಾಕಿದರು. ಬಡ ದೇಶಗಳ ಆಸ್ಪತ್ರೆಗಳಿಗೆ ಗಟ್ಟಿಮುಟ್ಟಾದ, ಅಗ್ಗದ ಆಕ್ಸಿಮೀಟರ್ ತಲುಪಿಸುವುದು, ಜತೆಗೇ ಅದನ್ನು ಬಳಸಲು ಕಲಿಸುವುದು ಅದರ ಕೆಲಸ. ಪೆಟ್ಟಿಗೆ ಕಳಿಸಿ ಕೈತೊಳೆದುಕೊಳ್ಳುವ ದಾನಕ್ಕಿಂತ ಇದು ಮೇಲು.

ಬೆಳಗಾವಿ ಈ ಕಥೆಯೊಳಗೆ ಬರುವುದು ಹೆರಿಗೆಯ ಬಾಗಿಲಿನಿಂದ. ಜೆ.ಎನ್.ಎಂ.ಸಿ.ಯ ಡಾ. ಭಾಲಚಂದ್ರ ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತಿತರರು ಅಮೆರಿಕದ ಸಂಶೋಧಕರೊಂದಿಗೆ ಜಿಲ್ಲೆಯ ಹಳ್ಳಿಗಳ 1,620 ಮಹಿಳೆಯರ ಮೇಲೆ ಅಧ್ಯಯನ ನಡೆಸಿದ್ದರು. ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಹೆರಿಗೆ ನಂತರದ ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿದದ್ದನ್ನು 2006ರಲ್ಲೇ ತೋರಿಸಿಕೊಟ್ಟಿದ್ದರು. ಆಮೇಲೆ ಬಂದದ್ದು ಗರ್ಭಿಣಿಯರ ಬಿ.ಪಿ. ಕುರಿತ ‘ಕ್ಲಿಪ್’ ಅಧ್ಯಯನ. 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರೂ ನರ್ಸಮ್ಮಂದಿರೂ ಮೊಬೈಲ್ ಹಿಡಿದು ಮನೆಮನೆಗೆ ಹೋದರು. ಬಿ.ಪಿ. ಅಳೆದು, ತಲೆನೋವು, ಕಣ್ಣು ಮಂಜಾಗುವುದು ಇತ್ಯಾದಿ ಕೇಳಿ ತುಂಬಿದರೆ, ಯಾರನ್ನು ತಕ್ಷಣ ಆಸ್ಪತ್ರೆಗೆ ಸಾಗಿಸಬೇಕೆಂದು ಫೋನೇ ಹೇಳುತ್ತಿತ್ತು. ಆ ಫೋನಿಗೆ ಆಕ್ಸಿಮೀಟರ್ ಜೋಡಿಸುವ ತಂತ್ರದ ಹಿಂದೆ ಇದ್ದವರು ಕೆನಡಾದ ವ್ಯಾಂಕೂವರಿನ ಮಕ್ಕಳ ಅರಿವಳಿಕೆ ತಜ್ಞ ಮಾರ್ಕ್ ಆನ್ಸರ್ಮಿನೊ ಮತ್ತು ಅವರ ತಂಡ.

ಫಲಿತಾಂಶ? ಕರ್ನಾಟಕದ ಲೆಕ್ಕವೂ ಸೇರಿದಂತೆ ಮೂರು ದೇಶಗಳ ಲೆಕ್ಕವನ್ನು ಒಟ್ಟುಗೂಡಿಸಿದಾಗ ತಾಯಿ-ಮಗುವಿನ ಸಾವುನೋವು ಒಟ್ಟಾರೆ ಗಮನಾರ್ಹವಾಗಿ ಇಳಿಯಲಿಲ್ಲ. ಅಪಾಯ ಗೊತ್ತಾದ ಮೇಲೂ ದಾರಿ ಸವೆಯಬೇಕು, ಮುಟ್ಟಿದ ಆಸ್ಪತ್ರೆಯಲ್ಲಿ ಆರೈಕೆ ಸಿಗಬೇಕು. ಖಾನಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡಂಚಿನ ಆಮಗಾಂವದಿಂದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಮಳೆಯಲ್ಲಿ ಹೊತ್ತು ತಂದದ್ದು 2024ರ ಜುಲೈನಲ್ಲಿ.

ಮುಟ್ಟಿದ ಮೇಲೂ ಪ್ರಶ್ನೆ ಉಳಿಯುತ್ತದೆ: ಸಿಜೇರಿಯನ್ ಮಾಡಲು ವೈದ್ಯರಿದ್ದರೂ ಅರಿವಳಿಕೆ ಕೊಡುವವರು ಇದ್ದಾರೆಯೇ? ದೇಶದ ಸಣ್ಣ ಆಸ್ಪತ್ರೆಗಳನ್ನು ಕಾಡುವ ಈ ಕೊರತೆಗೆ ಕೇಂದ್ರ ಸರ್ಕಾರ ಕಂಡುಕೊಂಡ ದಾರಿ, ಎಂಬಿಬಿಎಸ್ ವೈದ್ಯರಿಗೆ 18 ವಾರಗಳ ‘ಜೀವರಕ್ಷಕ ಅರಿವಳಿಕೆ’ ತರಬೇತಿ. ಹಿರಿಯ ತಜ್ಞರಲ್ಲಿ ಕೆಲವರಿಗೆ ಇದು ಸಮ್ಮತವಿರಲಿಲ್ಲ. ಮೂರು ವರ್ಷ ಕಲಿಯುವುದನ್ನು ನಾಲ್ಕು ತಿಂಗಳಲ್ಲಿ ಹೇಗೆ ಕಲಿಸುತ್ತೀರಿ ಎಂಬ ತಕರಾರು ಸುಳ್ಳೂ ಅಲ್ಲ. ಆದರೆ ಅವಸರದ ಹೆರಿಗೆ ಮೂರು ವರ್ಷ ಕಾಯುವುದಿಲ್ಲವಲ್ಲ.

ಮಿದುಳಿನ ವಿಚಾರದಲ್ಲಂತೂ ತಾಲ್ಲೂಕು ಆಸ್ಪತ್ರೆಯ ಕೆಲಸ ಇನ್ನೂ ನೇರ. ಖಾನಾಪುರದ ಮೇಲೆ ಹಾದುಹೋಗುವ ಬೆಳಗಾವಿ–ಗೋವಾ ಹೆದ್ದಾರಿಯಲ್ಲಿ ಬೈಕ್ ಸವಾರ ತಲೆಗೆ ಪೆಟ್ಟು ಮಾಡಿಕೊಂಡರೆ, ತಲೆಬುರುಡೆ ತೆರೆಯುವುದು ಬೆಳಗಾವಿಯಲ್ಲಿ. ಆದರೆ ಅವನ ಅರಿವಳಿಕೆ ಆರೈಕೆ ಖಾನಾಪುರದಲ್ಲೇ, 108 ಗಾಡಿಯೊಳಗೇ ಶುರುವಾಗಬೇಕು. 1993ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರ ಪ್ರಕಾರ, ತೀವ್ರ ಪೆಟ್ಟು ಬಿದ್ದವರ ಮೇಲಿನ ಬಿ.ಪಿ. ಒಮ್ಮೆ 90ಕ್ಕಿಂತ ಕೆಳಗಿಳಿದರೂ ಸಾವಿನ ಪ್ರಮಾಣ ಹೆಚ್ಚುಕಡಿಮೆ ದುಪ್ಪಟ್ಟು. ಆಮ್ಲಜನಕದ ಅಂಕಿಯೂ 90ರ ಕೆಳಗೆ ಜಾರಕೂಡದು. ಕತ್ತಿಗೆ ಕಾಲರ್, ಮೂಗಿಗೆ ಆಮ್ಲಜನಕ, ಕೈಗೆ ಡ್ರಿಪ್, ರಟ್ಟೆಗೆ ಪಟ್ಟಿ, ಬೆರಳಿಗೆ ಆಕ್ಸಿಮೀಟರ್. ಇಷ್ಟಕ್ಕೆ ನರತಜ್ಞರು ಬೇಕಿಲ್ಲ. ಅಲ್ಲಿಂದ ಬೆಳಗಾವಿಗೆ 25 ಕಿ.ಮೀ. ಆಸುಪಾಸು; ದಾರಿಯಲ್ಲಿ ಆ ಎರಡು ಅಂಕಿಗಳನ್ನು ಯಾರಾದರೂ ಬರೆದಿಟ್ಟುಕೊಂಡಿದ್ದರೆ, ಓಟಿಯಲ್ಲಿ ಕಾಯುತ್ತಿರುವ ಅರಿವಳಿಕೆ ವೈದ್ಯರು ಚಾರ್ಟಿನ ಮೊದಲ ಸಾಲನ್ನು ಅದರಿಂದಲೇ ತುಂಬಬಹುದು.