ಟಿಕಳಿಯ ಅಡಿಯಲ್ಲಿ ಸಿಕ್ಕಿದ್ದು

ಔರಾದದ ಅಮರೇಶ್ವರ ಜಾತ್ರೆಯ ಬಳೆ ಅಂಗಡಿಗಳಲ್ಲಿ ಸಣ್ಣ ಹುಡುಗಿಯರ ಕೈ ಮೊದಲು ಹೋಗುವುದು ಟಿಕಳಿ ಪಾಕೀಟಿಗೆ. ಹಣೆಗೊಂದು, ಆಟಕ್ಕೆಂದು ಗಲ್ಲಕ್ಕೆರಡು. ರಾತ್ರಿ ಕಿತ್ತು ಕನ್ನಡಿಯ ಅಂಚಿಗೆ ಅಂಟಿಸಿದ್ದು ಬೆಳಗ್ಗೆ ಮತ್ತೆ ಅದೇ ಹಣೆಗೆ. ಕೆಲವು ಹಣೆಗಳಲ್ಲಿ ಅದರಡಿ ನವೆ ಏಳುತ್ತದೆ, ಕೆಂಪಾಗುತ್ತದೆ. ಇನ್ನು ಕೆಲವರಿಗೆ ನವೆಯೂ ಇಲ್ಲದೆ ಟಿಕಳಿಯಷ್ಟೇ ಅಗಲದ ಬಿಳಿ ಕಲೆ ಮೂಡುತ್ತದೆ. "ತೊನ್ನ ಹತ್ತ್ಯಾದೇನ್ರೀ ಡಾಕ್ಟರ್ ಸಾಬ್?" ಎನ್ನುವ ತಾಯಿಗೆ ಆಗಲೇ ಮಗಳ ಮದುವೆಯ ಚಿಂತೆ.

ಈ ಬಿಳುಪಿನ ಸುಳಿವು ಮೊದಲು ಸಿಕ್ಕಿದ್ದು ಎಲ್ಲಿಯವರದೋ ಕೈಗಳಲ್ಲಿ. ಅಮೆರಿಕದ ತೊಗಲು ಹದ ಮಾಡುವ ಕಾರ್ಖಾನೆಯೊಂದರ ಕಾರ್ಮಿಕರ ಕೈ ಬೆಳ್ಳಗಾಗಿದ್ದನ್ನು 1939ರಲ್ಲಿ ಆಲಿವರ್, ಶ್ವಾರ್ಟ್ಸ್, ವಾರನ್ ವರದಿ ಮಾಡಿದರು. ಬಿಳುಪಿದ್ದದ್ದು ರಬ್ಬರ್ ಕೈಗವಸು ಮುಚ್ಚುವ ಜಾಗದಲ್ಲಿ. ರಬ್ಬರ್ ಬೇಗ ಕೆಡದಿರಲೆಂದು ಬೆರೆಸಿದ್ದ ಹೈಡ್ರೋಕ್ವಿನೋನ್ ಜಾತಿಯ ರಾಸಾಯನಿಕ ಸಿಕ್ಕಿಬಿತ್ತು.

ಟಿಕಳಿಯ ವಿಷಯದಲ್ಲಿ ನಾವಾದರೆ ಬಣ್ಣವನ್ನೇ ಬೈಯುತ್ತಿದ್ದೆವು. ಅಲಹಾಬಾದಿನ ಬಜಾಜ್ ಮತ್ತು ಸಂಗಡಿಗರು ಹಿಂಬದಿಯ ಅಂಟನ್ನು ಪರೀಕ್ಷಿಸಿದರು. ಅದರಲ್ಲಿ ಪ್ಯಾರಾ-ಟರ್ಷಿಯರಿ-ಬ್ಯುಟೈಲ್‌ಫಿನಾಲ್ ಇದೆಯೆಂದು 1990ರಲ್ಲಿ ಪ್ರಕಟಿಸಿದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಗೆ ಟೈರೋಸಿನ್ ಕಚ್ಚಾ ಮಾಲು. ಈ ಫಿನಾಲಿನ ರಚನೆ ಅದನ್ನೇ ಹೋಲುತ್ತದೆ. ಕೋಶ ಮೋಸಹೋಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಸಾಯುತ್ತದೆ. ನವೆಯ ದಾರಿ ಬೇರೆ: ಅಲ್ಲಿ ದೇಹದ ಕಾವಲು ವ್ಯವಸ್ಥೆ ಆ ವಸ್ತುವನ್ನು ವೈರಿಯೆಂದು ನೆನಪಿಟ್ಟುಕೊಂಡು ಕೆರಳುತ್ತದೆ.

ಆ ವೈರಿಯನ್ನು ಪತ್ತೆ ಹಚ್ಚುವ ಉಪಾಯ ಇನ್ನೂ ಹಳೆಯದು. ಅನುಮಾನದ ಪದಾರ್ಥವನ್ನು ಚರ್ಮಕ್ಕೆ ಅಂಟಿಸಿ ಕಾಯುವ ಪ್ಯಾಚ್ ಟೆಸ್ಟನ್ನು ಯೋಸೆಫ್ ಯಾಡಾಸೋನ್ 1895ರಲ್ಲಿ ಗ್ರಾಟ್ಸ್ ನಗರದ ಸಭೆಯಲ್ಲಿ ವಿವರಿಸಿದ. ಈಗಲೂ ಬೆನ್ನಿಗೆ ಪಟ್ಟಿ ಹಚ್ಚಿ 48 ಗಂಟೆ ಬಿಡುತ್ತಾರೆ. ಟಿಕಳಿಯ ಕೆಲಸವೂ ಅದೇ ಅಲ್ಲವೆ? ಮೇಲೆ ಮುಚ್ಚಳ, ಒಳಗೆ ಬೆವರು, ನಡುವೆ ಅಂಟು. ಗಂಟೆಗಳ ಲೆಕ್ಕ ಮಾತ್ರ ಯಾರೂ ಇಡುವುದಿಲ್ಲ.

ಟಿಕಳಿ ಬಿಟ್ಟ ಮೇಲೆ ಕೆಲವು ಹಣೆಗಳಿಗೆ ನಿಧಾನವಾಗಿ ಬಣ್ಣ ಮರಳುತ್ತದೆ. ಕೆಲವಕ್ಕೆ ಮುಲಾಮು ಬೇಕು, ಕೆಲವಕ್ಕೆ ಮರಳುವುದೇ ಇಲ್ಲ. ಕುಂಕುಮಕ್ಕೆ ಹೋದರೂ ಪೂರ್ತಿ ಪಾರಾದಂತಲ್ಲ. ಅದರಿಂದ ಏಳುವ ಅಲರ್ಜಿಯನ್ನು ನಾಥ್ ಮತ್ತು ತಪ್ಪಾ 2007ರಲ್ಲಿ ದಾಖಲಿಸಿದ್ದಾರೆ.

ಜಾತ್ರೆಯಲ್ಲಿ ಮಾರುವ ಪಾಕೀಟನ್ನು ತಿರುಗಿಸಿ ನೋಡಿ: ಬೆಲೆ ಇರುತ್ತದೆ, ಒಂದು ಸಿನಿಮಾ ತಾರೆಯ ಮುಖವೂ ಇರಬಹುದು. ಅಂಟಿನ ಹೆಸರು ಹುಡುಕಬೇಕು.